ನಾಳೆ ಯಾರ ಹಲ್ಲು ಹುಳುಕಾದೀತು? ದಂತಕ್ಷಯದ ಮುನ್ಸೂಚನೆಯ ಚರಿತ್ರೆ

ಹುಳುಕಾದ ಹಲ್ಲನ್ನು ಗುರುತಿಸುವುದು ಒಂದು ವಿದ್ಯೆ. ಮುಂದೆ ಯಾರ ಬಾಯಲ್ಲಿ ಹುಳುಕು ಹುಟ್ಟೀತೆಂದು ಹೇಳುವುದು ಬೇರೆಯೇ ವಿದ್ಯೆ. ಎರಡನೆಯದಕ್ಕೆ ದಾರಿ ತೆರೆದದ್ದು 1890ರಲ್ಲಿ ಪ್ರಕಟವಾದ ಡಬ್ಲ್ಯು. ಡಿ. ಮಿಲ್ಲರ್ ಅವರ ಗ್ರಂಥ. ಬಾಯಿಯ ಬ್ಯಾಕ್ಟೀರಿಯಾಗಳು ಆಹಾರದ ಶೇಷವನ್ನು ಹುಳಿಯಾಗಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು ಅವರು ಬರ್ಲಿನ್‌ನಲ್ಲಿ ತೋರಿಸಿದ್ದರು. ಹಾಗಾದರೆ ಬ್ಯಾಕ್ಟೀರಿಯಾವನ್ನು ಎಣಿಸಿದರೆ ಅಪಾಯವನ್ನೂ ಎಣಿಸಿದಂತೆಯೇ ಎಂಬ ತರ್ಕ ಮುಂದೆ ಹಲವು ದಶಕ ಈ ಕ್ಷೇತ್ರವನ್ನು ಆಳಿತು.

ಯಾವ ಬ್ಯಾಕ್ಟೀರಿಯಾ ಎಂಬಲ್ಲಿ ಮಾತ್ರ ಎಡವಟ್ಟಾಯಿತು. ಕ್ಲಾರ್ಕ್ 1924ರಲ್ಲಿ ಲಂಡನ್‌ನಲ್ಲಿ ಹುಳುಕು ಹಲ್ಲುಗಳಿಂದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಅನ್ನು ಬೇರ್ಪಡಿಸಿದ್ದರೂ ಅದು ಮರೆವಿಗೆ ಸಂದು, ಎಲ್ಲರ ಕಣ್ಣು ಲ್ಯಾಕ್ಟೋಬ್ಯಾಸಿಲಸ್ ಮೇಲೆ ನೆಟ್ಟಿತು. ಆ ಕಾಲದ ಪ್ರಸಿದ್ಧ ಪರೀಕ್ಷೆ ಸ್ನೈಡರ್ ಅವರದು. ರೋಗಿ ಪ್ಯಾರಾಫಿನ್ ಮೇಣ ಜಗಿದು ಜೊಲ್ಲು ಉಗುಳಬೇಕು. ಅದರ ಕೆಲವೇ ಹನಿಗಳನ್ನು ಗ್ಲೂಕೋಸ್ ಮತ್ತು ಹಸಿರು ಬಣ್ಣದ ಸೂಚಕವಿರುವ ಅಗರ್‌ಗೆ ಬೆರೆಸಿ 37 ಡಿಗ್ರಿಯ ಶಾಖದಲ್ಲಿ ಇಡುತ್ತಿದ್ದರು. 24 ಗಂಟೆಯೊಳಗೆ ಹಸಿರು ಹಳದಿಗೆ ತಿರುಗಿದರೆ ಅಪಾಯ ತೀವ್ರ. 72 ಗಂಟೆ ಹಿಡಿದರೆ ಅಲ್ಪ. ಬಣ್ಣ ಬದಲಾಗದಿದ್ದರೆ ಬಾಯಿ ಸದ್ಯಕ್ಕೆ ಕ್ಷೇಮ. ಎಣಿಸುವ ಗೋಜಿಲ್ಲ, ಕಣ್ಣಿಗೆ ಬಣ್ಣ ಕಂಡರೆ ಸಾಕು. ಆದರೆ ಲ್ಯಾಕ್ಟೋಬ್ಯಾಸಿಲಸ್ ಬೀಡುಬಿಡುವುದೇ ಈಗಾಗಲೇ ತೂತಾದ ಹಲ್ಲಿನಲ್ಲಿ. ಭವಿಷ್ಯ ನುಡಿಯಬೇಕಿದ್ದ ನಳಿಕೆ ಬಹುಮಟ್ಟಿಗೆ ವರ್ತಮಾನವನ್ನೇ ವರದಿ ಮಾಡುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

1960ರಲ್ಲಿ ಪಾಲ್ ಕೀಸ್ ಹ್ಯಾಮ್‌ಸ್ಟರ್‌ಗಳಲ್ಲಿ ದಂತಕ್ಷಯ ಒಂದರಿಂದ ಇನ್ನೊಂದಕ್ಕೆ ಅಂಟುತ್ತದೆಂದು ತೋರಿಸಿದ ಮೇಲೆ ಮ್ಯೂಟನ್ಸ್ ಮತ್ತೆ ರಂಗಕ್ಕೆ ಬಂತು. ಅದನ್ನು ಅಳೆಯುವ ಪಟ್ಟಿಗಳು ಕ್ಲಿನಿಕ್ಕುಗಳಿಗೂ ಬಂದವು. ಸ್ವೀಡನ್ನಿನ ಬೋ ಕ್ರಾಸೆ 1985ರಲ್ಲಿ ಅಪಾಯದ ಅಂದಾಜನ್ನೇ ವಿಷಯವಾಗಿಸಿ ಕೈಪಿಡಿ ಬರೆದರು.

ಅಳತೆಗಳ ಈ ಆತ್ಮವಿಶ್ವಾಸಕ್ಕೆ ಪೆಟ್ಟು ಕೊಟ್ಟದ್ದು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಅಧ್ಯಯನ. ಅಮೆರಿಕದ ಏಕೆನ್ ಮತ್ತು ಪೋರ್ಟ್‌ಲ್ಯಾಂಡ್ ಊರುಗಳ ಶಾಲಾಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅದರ ಫಲಿತಾಂಶ 1992ರಲ್ಲಿ ಬಂತು. ಅತಿ ಹೆಚ್ಚು ಹುಳುಕು ಬರಲಿದ್ದ ಮಕ್ಕಳಲ್ಲಿ ನೂರಕ್ಕೆ ಸುಮಾರು 60 ಮಂದಿಯನ್ನಷ್ಟೇ ಅದು ಮುಂಚಿತವಾಗಿ ಹಿಡಿಯಬಲ್ಲದಾಗಿತ್ತು. ಸೂಚಕಗಳಲ್ಲಿ ಎದ್ದು ಕಂಡದ್ದು ಮಗುವಿನ ಹಳೆಯ ಹುಳುಕು; ಅದರ ಜೊತೆಗೆ, ಬಾಯಿ ನೋಡಿದ ದಂತವೈದ್ಯರ ಸ್ವಂತ ಅಂದಾಜು! ಪ್ರಯೋಗಾಲಯದ ಬಿಗುಮಾನಕ್ಕೆ ಇದು ಹಿತವಾದ ಮಾತಲ್ಲ.

ಮಾಲ್ಮೋದ ಡೌಗ್ಲಾಸ್ ಬ್ರಾಟ್‌ಹಾಲ್ 1990ರ ದಶಕದ ಉತ್ತರಾರ್ಧದಲ್ಲಿ ರೂಪಿಸಿದ ಕ್ಯಾರಿಯೊಗ್ರಾಮ್ ಈ ಪಾಠವನ್ನು ಒಳಗೊಂಡ ಗಣಕ ತಂತ್ರಾಂಶ. ಹಳೆಯ ಹುಳುಕು, ದಿನಕ್ಕೆಷ್ಟು ಸಲ ತಿನ್ನುತ್ತಾರೆ, ಹಲ್ಲಿನ ಪಾಚಿ, ಫ್ಲೋರೈಡ್, ಜೊಲ್ಲಿನ ಪ್ರಮಾಣ ಮುಂತಾದ ಹತ್ತು ಅಂಶಗಳಲ್ಲಿ ಕೊನೆಯದು ವೈದ್ಯರ ವಿವೇಚನೆ. ಪರದೆಯ ಮೇಲೆ ಮೂಡುವ ವೃತ್ತದಲ್ಲಿ ಆಹಾರಕ್ಕೆ ಕಡುನೀಲಿ, ಬ್ಯಾಕ್ಟೀರಿಯಾಕ್ಕೆ ಕೆಂಪು; ಹಸಿರು ಭಾಗ ಹುಳುಕಿನಿಂದ ಪಾರಾಗುವ ಸಾಧ್ಯತೆ. ರೋಗಿ ಸಿಹಿ ತಿನ್ನುವ ಸಲಗಳನ್ನು ಇಳಿಸಿದರೆ ಹಸಿರು ಅಲ್ಲೇ ಹಿಗ್ಗುತ್ತದೆ. ಹೆದರಿಸುವ ಬದಲು ತಪ್ಪಿಸಿಕೊಳ್ಳುವ ದಾರಿಯನ್ನು ಅಳೆದು ತೋರಿಸಿದ್ದೇ ಇದರ ಹೊಸತನ, ನಿಖರತೆಯಲ್ಲ.

ಆದರೂ ಬುಡದ ತೊಡಕು ಉಳಿಯಿತು. ಹಳೆಯ ಹುಳುಕೇ ಗಟ್ಟಿ ಸಾಕ್ಷಿಯಾದರೆ, ಹಲ್ಲು ಈಗಷ್ಟೇ ಮೂಡುತ್ತಿರುವ ಕೂಸಿನ ಬಾಯಲ್ಲಿ ಓದುವುದಕ್ಕೆ ಏನಿದೆ? ಅಲಬಾಮಾದಲ್ಲಿ ಪೇಜ್ ಕಾಫೀಲ್ಡ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮ್ಯೂಟನ್ಸ್ ಮಕ್ಕಳಿಗೆ ಅಂಟುವ ಮಧ್ಯಮ ವಯಸ್ಸು 26 ತಿಂಗಳು. ಅದಕ್ಕೂ ಒಂದು ದಶಕ ಮೊದಲೇ ಗೋಥೆನ್‌ಬರ್ಗ್‌ನ ಬಿರ್ಗಿಟ್ಟಾ ಕೊಹ್ಲರ್ ಮತ್ತು ಸಂಗಡಿಗರು ತಾಯಂದಿರ ಬಾಯಿಗೆ ಚಿಕಿತ್ಸೆ ಕೊಟ್ಟು, ಮಕ್ಕಳಿಗೆ ಆ ಬ್ಯಾಕ್ಟೀರಿಯಾ ತಗಲುವುದನ್ನು ಮುಂದೂಡಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಕ್ಯಾಂಬ್ರಾ ಪದ್ಧತಿ ಹಾಗಾಗಿ ಐದು ವರ್ಷದೊಳಗಿನವರಿಗೆ ಬೇರೆಯೇ ನಮೂನೆ ಇಟ್ಟಿದೆ. ಕಳೆದ ಹನ್ನೆರಡು ತಿಂಗಳಲ್ಲಿ ತಾಯಿಯ ಅಥವಾ ಮಗುವನ್ನು ನೋಡಿಕೊಳ್ಳುವವರ ಹಲ್ಲು ಹುಳುಕಾಗಿತ್ತೇ ಎಂದು ಅಲ್ಲಿ ಕೇಳಲಾಗುತ್ತದೆ.