ಹಾಡುವ ಸಭೆ, ಕೇಳುವ ಸಭೆ

ಚರ್ಚಿನ ಹಾಡುಗಳಿಗೆ ಈಗ ‘ಒತ್ತಡ ನಿವಾರಕ’ ಎಂಬ ಹೊಸ ಹಣೆಪಟ್ಟಿ ಬಂದಿದೆ. ಇಯರ್‌ಫೋನ್ ಹಾಕಿ ಕಣ್ಣು ಮುಚ್ಚಿದರೆ ಮನಸ್ಸು ಹಗುರಾಗುತ್ತದಂತೆ. ಕೇಳಿದರೂ ನೆಮ್ಮದಿ ಸಿಗುತ್ತದೆ, ನಿಜ. ಆದರೆ ಹಾಡುವವರನ್ನು ಹೊರಗಿಟ್ಟು ಈ ಸಂಗೀತದ ಚರಿತ್ರೆ ಹೇಳಲು ಬರುವುದಿಲ್ಲ.

ನಾಲ್ಕನೇ ಶತಮಾನ ಮುಗಿಯುವ ಹೊತ್ತಿಗೆ ಸಂತ ಅಗಸ್ಟೀನ್, ರಾಗದ ಸುಖ ದೇವರ ಮಾತನ್ನೇ ಮರೆಸೀತೆಂದು ಕಳವಳಪಟ್ಟಿದ್ದರು. ಕೊನೆಗೆ ಹಾಡು ಇರಲಿ ಎಂದೇ ಒಪ್ಪಿದರು. ಮುಂದಿನ ಸಾವಿರ ವರ್ಷ ಪಶ್ಚಿಮದ ಚರ್ಚುಗಳಲ್ಲಿ ಗಾಯನ ಬಹುಮಟ್ಟಿಗೆ ಪಾದ್ರಿಗಳ, ಸನ್ಯಾಸಿಗಳ ಪಾಲಾಯಿತು. 1524ರಲ್ಲಿ ಧರ್ಮಸುಧಾರಕ ಲೂಥರರ ರಚನೆಗಳಿದ್ದ, ಎಂಟೇ ಗೀತೆಗಳ ಜರ್ಮನ್ ಪುಸ್ತಕ ಅಚ್ಚಾಯಿತು. ಜನಸಾಮಾನ್ಯರು ತಮ್ಮ ಮಾತಿನಲ್ಲಿ ಹಾಡತೊಡಗಿದರು.

ಆ ಪರಂಪರೆಯನ್ನು ನಮ್ಮ ಕರಾವಳಿಗೆ ತಂದದ್ದು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್. ಮಿಷನರಿಗಳು ಜರ್ಮನ್ ಧಾಟಿಗಳಿಗೆ ಕನ್ನಡ, ತುಳು ಪದಗಳನ್ನು ಕೂರಿಸಿದರು. ಧಾಟಿ ಎಳೆದಲ್ಲಿ ಹ್ರಸ್ವವೂ ದೀರ್ಘವಾಗುತ್ತಿತ್ತು. ಈ ಇಕ್ಕಟ್ಟಿಗೆ ದಾರಿ ಹುಡುಕಬಲ್ಲ ಕಿವಿ ಇದ್ದದ್ದು ಅದೇ ಮಿಷನ್ನಿನ ಕಿಟ್ಟೆಲ್‌ರಿಗೆ. 1862ರ ‘ಕಥಾಮಾಲೆ’ಯಲ್ಲಿ ಅವರು ಕ್ರಿಸ್ತನ ಬದುಕನ್ನು ಈ ನೆಲದ ಛಂದಸ್ಸಿನಲ್ಲೇ ಹೇಳಿದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ನಿಘಂಟಿನ ಕಿಟ್ಟೆಲ್‌ರನ್ನು ಕೊಂಡಾಡುವ ನಾಡು ಪದ್ಯದ ಕಿಟ್ಟೆಲ್‌ರನ್ನು ಅಷ್ಟಾಗಿ ನೆನೆಯದಿರುವುದು ಅನ್ಯಾಯ.

ಕ್ಯಾಥೋಲಿಕರಿಗೆ ಪೂಜೆಯಲ್ಲಿ ತಮ್ಮ ಮಾತಿನ ಬಾಗಿಲು ತೆರೆದದ್ದು ಎರಡನೇ ವ್ಯಾಟಿಕನ್ ಮಹಾಸಭೆಯ 1963ರ ಪೂಜಾವಿಧಿ ನಿರ್ಣಯದಿಂದ. ಬಲಿಪೂಜೆಯಲ್ಲಿ ಕನ್ನಡ, ಕೊಂಕಣಿ ಮೊಳಗಿದವು. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರದಲ್ಲಿ ಅಮಲೋರ್ಪವದಾಸ್ ಅವರ ಮುಂದಾಳತ್ವದಲ್ಲಿ ಭಜನೆ, ಆರತಿಗಳು ಆರಾಧನೆಯೊಳಗೆ ಬಂದವು. ಅದನ್ನು ಬರೀ ವೇಷ ಎಂದು ಜರೆದವರು ಅಲ್ಲಿ ಕೂತು ಹಾಡಿದವರ ಮಾತು ಕೇಳಬೇಕಿತ್ತು.

ವಿಜ್ಞಾನ ಇತ್ತ ಕಣ್ಣು ಹಾಯಿಸಿದ್ದು ತಡವಾಗಿ. 2001ರಲ್ಲಿ ಬರ್ನಾರ್ಡಿ ತಂಡ 23 ಮಂದಿಯನ್ನು ಪರೀಕ್ಷಿಸಿತು: ಲ್ಯಾಟಿನ್ ಜಪಸರವಾಗಲಿ, ಯೋಗಮಂತ್ರವಾಗಲಿ, ಉಸಿರು ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿಯುತ್ತಿತ್ತು, ಹೃದಯಕ್ಕೂ ಅದು ಹಿತವಾಗಿತ್ತು. 2013ರಲ್ಲಿ ಸ್ವೀಡನ್ನಿನ ವಿಕ್‌ಹಾಫ್ ತಂಡ, ಒಂದೇ ಭಕ್ತಿಗೀತೆ ಹಾಡುವ ಹದಿಹರೆಯದವರ ಹೃದಯಬಡಿತ ಒಟ್ಟಿಗೇ ಏರಿಳಿಯುವುದನ್ನು ಕಂಡಿತು. ಸಾಲು ಮುಗಿದಲ್ಲಿ ಎಲ್ಲರೂ ಒಮ್ಮೆಗೇ ಉಸಿರೆಳೆದುಕೊಳ್ಳುವುದೇ ಕಾರಣ. ಇವೆರಡಕ್ಕಿಂತ ತೂಕದ್ದು 2004ರ ಜರ್ಮನ್ ಅಧ್ಯಯನ. ಕ್ರೊಯ್ಟ್ಸ್ ಮತ್ತು ಸಂಗಡಿಗರು ಹವ್ಯಾಸಿ ಕ್ವಯರ್ ಒಂದನ್ನು ಒಂದು ದಿನ ಹಾಡಿಸಿದರು, ವಾರದ ಅಂತರದಲ್ಲಿ ಇನ್ನೊಂದು ದಿನ ಬರೀ ಕೇಳಿಸಿದರು. ಹಾಡಿದ ದಿನ ಜೊಲ್ಲಿನಲ್ಲಿರುವ ರೋಗನಿರೋಧಕ ಪ್ರೋಟೀನು ಏರಿತು, ಮನಸ್ಸೂ ತಿಳಿಯಾಯಿತು. ಬರೀ ಕೇಳಿದ ದಿನ ಒತ್ತಡದ ಹಾರ್ಮೋನು ಇಳಿದರೂ ಮನಸ್ಸು ಮಂಕಾಗಿತ್ತು.

ಇವೆಲ್ಲ ಸಣ್ಣ ಗುಂಪುಗಳು. ಅಳೆದದ್ದು ಉಸಿರು, ಜೊಲ್ಲು, ಎದೆಬಡಿತ. ಶವದ ಪಕ್ಕ ಕೂತು ಇರುಳಿಡೀ ಹಾಡುವ ಬಂಧುಗಳಿಗೆ ಆ ಹಾಡು ಏನು ಕೊಡುತ್ತದೆ, ಓದು ಬಾರದ ಅಜ್ಜಿ ಬಾಯಿಪಾಠವಾದ ಗೀತೆಯನ್ನು ಹೇಗೆ ಪ್ರಾರ್ಥನೆಯಾಗಿಸಿಕೊಂಡಳು ಎಂಬುದು ಈ ಅಳತೆಗೆ ಸಿಕ್ಕಿಲ್ಲ. ಇತ್ತ ಹಲವು ಚರ್ಚುಗಳಲ್ಲಿ ವೇದಿಕೆಯ ಬ್ಯಾಂಡು, ಧ್ವನಿವರ್ಧಕಗಳ ಅಬ್ಬರದಲ್ಲಿ ಸಭೆಗೆ ತನ್ನ ದನಿಯೇ ಕೇಳಿಸುತ್ತಿಲ್ಲ. ಹಳೆಯ ಧಾಟಿಗಳನ್ನು ಪುಸ್ತಕವಿಲ್ಲದೆ ಹಾಡಬಲ್ಲ ಹಿರಿಯರು ಮಂಗಳೂರು, ಉಡುಪಿ, ಧಾರವಾಡದ ಸಭೆಗಳಲ್ಲಿ ಇನ್ನೂ ಇದ್ದಾರೆ. ಸಂಶೋಧಕರು ಮೊದಲು ಹೋಗಿ ಕೂರಬೇಕಾದದ್ದು ಅವರ ಪಕ್ಕದ ಬೆಂಚಿನಲ್ಲಿ, ಅದೂ ಬೇಗನೆ.