ಟ್ಯಾಪ್ (ಲೋಹಗೆಲಸದ ಉಪಕರಣ)

ಟ್ಯಾಪ್ ಎಂಬುದು ಲೋಹದಲ್ಲಿ ಮೊದಲೇ ಕೊರೆದ ರಂಧ್ರದ ಒಳಮೈಯಲ್ಲಿ ತಿರುಪಿನ ಥ್ರೆಡ್‌ಗಳನ್ನು ರಚಿಸುವ ಉಪಕರಣವಾಗಿದೆ. ನೀರಿನ ನಲ್ಲಿಗೂ ಇದೇ ಹೆಸರು ಬಳಕೆಯಲ್ಲಿದೆಯಾದರೂ ಇವೆರಡೂ ಬೇರೆ ಬೇರೆ. ಟ್ಯಾಪ್‌ನಿಂದ ಥ್ರೆಡ್ ರಚಿಸುವ ಕ್ರಿಯೆಗೆ ಟ್ಯಾಪಿಂಗ್ ಎನ್ನುತ್ತಾರೆ. ಸಾಮಾನ್ಯವಾಗಿ ಬಿಡಿಭಾಗದ ತಯಾರಿಕೆಯ ಕೊನೆಯ ಹಂತಗಳಲ್ಲಿ ಟ್ಯಾಪಿಂಗ್ ನಡೆಯುತ್ತದೆ. ಆಗ ಟ್ಯಾಪ್ ರಂಧ್ರದೊಳಗೆ ಮುರಿದರೆ ಅದುವರೆಗಿನ ಶ್ರಮವೆಲ್ಲ ವ್ಯರ್ಥವಾಗಬಹುದು. ಆದ್ದರಿಂದ ಟ್ಯಾಪ್ ಮತ್ತು ಡ್ರಿಲ್ ಬಿಟ್‌ಗಳನ್ನು ಒಟ್ಟಾಗಿ ಪರಿಗಣಿಸಿ ಆರಿಸಬೇಕಾಗುತ್ತದೆ.

ಹಿನ್ನೆಲೆ

1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಥ್ರೆಡ್‌ಗಳಿಗೆ ಏಕರೂಪದ ಅಳತೆಗಳನ್ನು ಸೂಚಿಸಿದರು. 1863ರಲ್ಲಿ ಅಮೆರಿಕದ ಸ್ಟೀಫನ್ ಮೋರ್ಸ್ ಸುರುಳಿ ತೋಡಿನ ಡ್ರಿಲ್‌ಗೆ ಪೇಟೆಂಟ್ ಪಡೆದರು. ಭಾರತದಲ್ಲಿ ಮೆಟ್ರಿಕ್ ಥ್ರೆಡ್‌ಗಳಿಗೆ ಐಎಸ್ 4218 ಎಂಬ ಮಾನಕವಿದೆ.

ಕರ್ನಾಟಕದ ಕರಾವಳಿಯಲ್ಲಿ 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಆರಂಭವಾಯಿತು. ಮುಂದೆ ಮಿಷನ್ ಅಲ್ಲಿ ಯಾಂತ್ರಿಕ ಕಾರ್ಯಾಗಾರವನ್ನೂ ನಡೆಸಿತು. ಬೆಂಗಳೂರಿನಲ್ಲಿ 1953ರಲ್ಲಿ ಎಚ್‌ಎಂಟಿ ಸ್ಥಾಪನೆಯಾಯಿತು. ಡೆನ್ಮಾರ್ಕಿನ ಸಹಕಾರದಿಂದ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು (ಜಿಟಿಟಿಸಿ) ಈ ವಿದ್ಯೆಯನ್ನು ಕಲಿಸುತ್ತಿದೆ.

ರಂಧ್ರದ ಅಳತೆ

ಥ್ರೆಡ್‌ನ ಹೊರವ್ಯಾಸದಿಂದ ಪಿಚ್ಚನ್ನು, ಅಂದರೆ ಎರಡು ಥ್ರೆಡ್‌ಗಳ ನಡುವಿನ ಅಂತರವನ್ನು, ಕಳೆದರೆ ಡ್ರಿಲ್‌ನ ಅಳತೆ ಸಿಗುತ್ತದೆ. ಸಾಮಾನ್ಯ ಅಳತೆಗಳು ಮಿಲಿಮೀಟರುಗಳಲ್ಲಿ ಹೀಗಿವೆ:

ಎಂ5 (ಪಿಚ್ 0.8): ಡ್ರಿಲ್ 4.2
ಎಂ6 (ಪಿಚ್ 1): ಡ್ರಿಲ್ 5.0
ಎಂ8 (ಪಿಚ್ 1.25): ಡ್ರಿಲ್ 6.8
ಎಂ10 (ಪಿಚ್ 1.5): ಡ್ರಿಲ್ 8.5
ಎಂ12 (ಪಿಚ್ 1.75): ಡ್ರಿಲ್ 10.2

ರಂಧ್ರ ಬಿಗಿಯಾದಷ್ಟೂ ಥ್ರೆಡ್ ಬಲವಾಗುತ್ತದೆ ಎಂಬ ನಂಬಿಕೆ ಪೂರ್ಣವಾಗಿ ಸರಿಯಲ್ಲ. ಎಂ8ಕ್ಕೆ 6.8ರ ಬದಲು 6.5 ಮಿ.ಮೀ. ಡ್ರಿಲ್ ಬಳಸಿದರೆ ಥ್ರೆಡ್‌ನ ಎತ್ತರ ಸುಮಾರು ಶೇ. 74ರಿಂದ ಶೇ. 92ಕ್ಕೆ ಏರುತ್ತದೆ. ಬಲ ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಟ್ಯಾಪ್‌ನ ಮೇಲಿನ ಹೊರೆ ಮಾತ್ರ ಬಹಳವಾಗಿ ಹೆಚ್ಚುತ್ತದೆ. ಟ್ಯಾಪ್ ಮುರಿಯಲು ಇದೊಂದು ಮುಖ್ಯ ಕಾರಣ.

ಡ್ರಿಲ್ ಬಿಟ್

ಎಂ8 ಥ್ರೆಡ್‌ನ ಒಳವ್ಯಾಸವು 6ಎಚ್ ದರ್ಜೆಯಲ್ಲಿ 6.647ರಿಂದ 6.912 ಮಿ.ಮೀ. ಒಳಗಿರಬೇಕು. ತುದಿಯ ಎರಡು ಅಲಗುಗಳು ಸಮನಾಗಿಲ್ಲದ 6.8 ಮಿ.ಮೀ. ಡ್ರಿಲ್ ಕೇವಲ 0.15 ಮಿ.ಮೀ. ಅಗಲವಾಗಿ ಕೊರೆದರೂ ರಂಧ್ರ 6.95 ಆಗಿ ಈ ಮಿತಿಯನ್ನು ಮೀರುತ್ತದೆ. ಆದ್ದರಿಂದ ಅಲಗುಗಳ ಉದ್ದವೂ ಕೋನವೂ ಸಮನಾಗಿರುವ ಬಿಟ್ಟನ್ನು ಆರಿಸಬೇಕು. ಸಾಮಾನ್ಯ ಬಿಟ್‌ನ ತುದಿಕೋನ 118 ಡಿಗ್ರಿ. ಗಡಸು ಲೋಹಗಳಿಗೆ 135 ಡಿಗ್ರಿಯ ಸೀಳುತುದಿಯ ಬಿಟ್ ಉತ್ತಮ. ಅದು ಆರಂಭದಲ್ಲಿ ಅತ್ತಿತ್ತ ಜಾರುವುದು ಕಡಿಮೆ. ಗಿಡ್ಡ ಬಿಟ್ ಉದ್ದನೆಯ ಬಿಟ್‌ಗಿಂತ ಕಡಿಮೆ ಬಾಗುತ್ತದೆ.

ಟ್ಯಾಪ್‌ನ ವಿಧಗಳು

ಕೈ ಟ್ಯಾಪ್‌ಗಳು ಸಾಮಾನ್ಯವಾಗಿ ಮೂರರ ಜೋಡಣೆಯಲ್ಲಿ ಬರುತ್ತವೆ. ಯಂತ್ರ ಟ್ಯಾಪ್ ಒಂದೇ ಸಲಕ್ಕೆ ಥ್ರೆಡ್ಡನ್ನು ಪೂರ್ಣಗೊಳಿಸುತ್ತದೆ. ಕತ್ತರಿಸಿದ ಚೂರುಗಳು ಯಾವ ಕಡೆಗೆ ಹೋಗಬೇಕು ಎಂಬುದರ ಮೇಲೆ ಆಯ್ಕೆ ನಿಂತಿದೆ.

ಸುರುಳಿ ತುದಿಯ ಟ್ಯಾಪ್: ಚೂರುಗಳನ್ನು ಮುಂದಕ್ಕೆ ತಳ್ಳುತ್ತದೆ, ಆರಪಾರ ರಂಧ್ರಕ್ಕೆ ಸೂಕ್ತ.
ಸುರುಳಿ ತೋಡಿನ ಟ್ಯಾಪ್: ಚೂರುಗಳನ್ನು ಹಿಂದಕ್ಕೆ ಎಳೆದು ಹೊರಹಾಕುತ್ತದೆ, ತಳವಿರುವ ರಂಧ್ರಕ್ಕೆ ಸೂಕ್ತ.
ನೇರ ತೋಡಿನ ಟ್ಯಾಪ್: ಚೂರುಗಳು ಪುಡಿಯಾಗುವ ಎರಕದ ಕಬ್ಬಿಣ, ಹಿತ್ತಾಳೆಗಳಿಗೆ ಸೂಕ್ತ.
ಒತ್ತು ಟ್ಯಾಪ್: ಕತ್ತರಿಸದೆ ಲೋಹವನ್ನು ಒತ್ತಿ ಥ್ರೆಡ್ ಮೂಡಿಸುತ್ತದೆ; ಅಲ್ಯೂಮಿನಿಯಂನಂತಹ ಮೆದು ಲೋಹಗಳಿಗೆ ಸೂಕ್ತ. ಇದಕ್ಕೆ ದೊಡ್ಡ ರಂಧ್ರ ಬೇಕು; ಎಂ6ಕ್ಕೆ ಸುಮಾರು 5.5 ಮಿ.ಮೀ.

ವಸ್ತು ಮತ್ತು ಲೇಪನ

ಮೆದು ಉಕ್ಕಿಗೆ ಹೈಸ್ಪೀಡ್ ಸ್ಟೀಲಿನ ಟ್ಯಾಪ್ ಸಾಕು. ಸ್ಟೇನ್‌ಲೆಸ್ ಸ್ಟೀಲಿಗೆ ಕೋಬಾಲ್ಟ್ ಬೆರೆತದ್ದು ಬಾಳಿಕೆ ಬರುತ್ತದೆ. ಕಾರ್ಬೈಡ್ ಅತಿ ಗಡಸಾದರೂ ಬೇಗ ಸಿಡಿಯುವ ವಸ್ತುವಾದ್ದರಿಂದ ಅಲುಗಾಡದ ಯಂತ್ರಗಳಲ್ಲಿ ಮಾತ್ರ ಸಲ್ಲುತ್ತದೆ. ಟೈಟೇನಿಯಂ ನೈಟ್ರೈಡ್ ಲೇಪನ ಹೊನ್ನಿನ ಬಣ್ಣದ್ದು. ಅದು ಸವೆತವನ್ನು ತಗ್ಗಿಸುತ್ತದೆ. ಆದರೆ ಬಣ್ಣವೊಂದೇ ಗುಣಮಟ್ಟದ ಗುರುತಲ್ಲ. ಉಪಕರಣದ ಮೇಲೆ ಅಳತೆ, ಪಿಚ್, ದರ್ಜೆ ಮತ್ತು ವಸ್ತುವಿನ ಹೆಸರು ಸ್ಪಷ್ಟವಾಗಿ ಕೆತ್ತಿರುವುದನ್ನೂ ಅಲಗುಗಳು ನಯವಾಗಿ ಸಾಣೆಗೊಂಡಿರುವುದನ್ನೂ ಗಮನಿಸಬೇಕು.

ವೇಗ

ಯಂತ್ರದಲ್ಲಿ ಟ್ಯಾಪ್ ಒಂದು ಸುತ್ತಿಗೆ ಸರಿಯಾಗಿ ಒಂದು ಪಿಚ್ಚಿನಷ್ಟು ಮುಂದುವರಿಯಬೇಕು. ಎಂ10 ಟ್ಯಾಪ್ ನಿಮಿಷಕ್ಕೆ 10 ಮೀಟರ್ ವೇಗದಲ್ಲಿ ಕತ್ತರಿಸಬೇಕಾದರೆ ನಿಮಿಷಕ್ಕೆ ಸುಮಾರು 318 ಸುತ್ತು ತಿರುಗಿ 477 ಮಿ.ಮೀ. ಮುಂದೆ ಸಾಗಬೇಕು. ಈ ಲೆಕ್ಕ ತಪ್ಪಿದರೆ ಥ್ರೆಡ್ ಕೆಡುತ್ತದೆ ಅಥವಾ ಟ್ಯಾಪ್ ಮುರಿಯುತ್ತದೆ. ಕತ್ತರಿಸುವ ಎಣ್ಣೆಯ ಬಳಕೆ ಉಕ್ಕಿನ ಕೆಲಸದಲ್ಲಿ ಅಗತ್ಯ.

ಮುರಿದ ಟ್ಯಾಪ್

ಟ್ಯಾಪ್ ಸಾಮಾನ್ಯ ಡ್ರಿಲ್‌ನಷ್ಟೇ ಗಡಸಾಗಿರುವುದರಿಂದ ಮುರಿದ ತುಂಡನ್ನು ಅದರಿಂದ ಕೊರೆದು ತೆಗೆಯಲಾಗದು. ತುಂಡು ಬಿಗಿಯಾಗಿ ಸಿಲುಕಿದ್ದರೆ ವಿದ್ಯುತ್ ಕಿಡಿಗಳಿಂದ ಲೋಹ ಸವೆಸುವ ಯಂತ್ರವನ್ನು ಬಳಸುತ್ತಾರೆ. ಈ ದುರಸ್ತಿಯ ವೆಚ್ಚ ಹಲವು ವೇಳೆ ಉತ್ತಮ ಟ್ಯಾಪ್‌ನ ಬೆಲೆಯನ್ನು ಮೀರುತ್ತದೆ. ಸಿದ್ಧವಾದ ಥ್ರೆಡ್ಡನ್ನು ಗೋ, ನೋ-ಗೋ ಗೇಜುಗಳಿಂದ ಪರೀಕ್ಷಿಸುವುದು ವಾಡಿಕೆ: ಗೋ ತುದಿ ಪೂರ್ತಿ ಒಳಹೋಗಬೇಕು, ನೋ-ಗೋ ತುದಿ ಎರಡು ಸುತ್ತಿಗಿಂತ ಹೆಚ್ಚು ಹೋಗಬಾರದು.