ಮುಡಿಪಿದವರು ಮತ್ತು ದಂಡಸಂಹಿತೆ

ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಹಳೆಯ ಶಾಸನಗಳು ಕಳ್ಬಪ್ಪು, ಕಟವಪ್ರ ಎಂದು ಕರೆಯುತ್ತವೆ. ಅಲ್ಲಿನ ಹಾಸುಬಂಡೆಯ ಮೇಲೆ ಏಳನೆಯ ಶತಮಾನದಿಂದೀಚೆಗೆ ಎಷ್ಟೋ ಜನರ ಕೊನೆಗಾಲದ ಸುದ್ದಿಯನ್ನು ಕೊರೆದಿದ್ದಾರೆ. ಬಿ. ಎಲ್. ರೈಸರು 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಅಚ್ಚು ಮಾಡಿಸಿದರು; 1923ರಲ್ಲಿ ಆರ್. ನರಸಿಂಹಾಚಾರ್ಯರು ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಇವುಗಳನ್ನು ಓದುವಾಗ ನನ್ನನ್ನು ತಡೆದು ನಿಲ್ಲಿಸುವುದು ಕ್ರಿಯಾಪದಗಳು. ಒಬ್ಬರು ನೋಂತರು, ಇನ್ನೊಬ್ಬರು ಸಮಾಧಿ ಕೂಡಿದರು, ಮತ್ತೊಬ್ಬರು ಮುಡಿಪಿದರು. ಮುಡಿಪಿದರೆಂದರೆ ಮುಗಿಸಿದರು ಎಂದಷ್ಟೇ ಅರ್ಥ. ಆದರೂ ದೇವರಿಗೆಂದು ತೆಗೆದಿಟ್ಟ ಕಾಸನ್ನು 'ಮುಡಿಪು' ಎನ್ನುವ ನಾಡಿನಲ್ಲಿ ಬೆಳೆದ ನನ್ನ ಕಿವಿಗೆ ಆ ಧ್ವನಿಯೂ ಕೇಳದಿರದು.

ಈ ವ್ರತದ ಶಾಸ್ತ್ರೀಯ ಹೆಸರು ಸಲ್ಲೇಖನ. ಲೇಖನವೆಂದರೆ ಕೆರೆಯುವುದು, ತೆಳುವಾಗಿಸುವುದು. ನಮ್ಮ ಬರೆಹಕ್ಕೂ ಅದೇ ಮೂಲ. ದೇಹವನ್ನೂ ಕಷಾಯಗಳನ್ನೂ ಕ್ರಮವಾಗಿ ಕೃಶಗೊಳಿಸುವುದೇ ಸಲ್ಲೇಖನ. ತಪ್ಪಿಸಲಾಗದ ವಿಪತ್ತು, ಬರಗಾಲ, ಮುಪ್ಪು, ವಾಸಿಯಾಗದ ರೋಗ ಬಂದಾಗ ಮಾತ್ರ ಇದು ಸಲ್ಲುವುದೆಂದು ಸಮಂತಭದ್ರರು ವಿಧಿಸಿದ್ದಾರೆ. ಇದು ಆತ್ಮವಧೆಯಾಗದೇ ಎಂಬ ಪ್ರಶ್ನೆಯನ್ನು ಪೂಜ್ಯಪಾದರು 'ಸರ್ವಾರ್ಥಸಿದ್ಧಿ'ಯಲ್ಲಿ ತಾವೇ ಎತ್ತಿಕೊಂಡು, ರಾಗವಿಲ್ಲದೆಡೆ ವಧೆಯ ದೋಷವಿಲ್ಲವೆಂದು ಉತ್ತರಿಸುತ್ತಾರೆ. ಪ್ರಶ್ನೆ ವಕೀಲರಿಗಿಂತ ಬಹಳ ಹಳೆಯದು.

ವಕೀಲ ಎಂದೆ. ಆ ಪದ ಅರಬ್ಬಿಯದು. ಜಾಮೀನು, ಕರಾರು, ರಾಜಿ, ಹಕ್ಕು ಎಲ್ಲವೂ ಅಲ್ಲಿಂದ ಹೊರಟು, ಪಾರಸಿಯ ಕಚೇರಿಗಳನ್ನು ಹಾದು, ಕನ್ನಡಕ್ಕೆ ಬಂದು ಮನೆಮಾತಾಗಿವೆ. ಕೊಡುಕೊಳ್ಳುವ ವ್ಯವಹಾರದ ಪದಗಳಿಗೆ ಗಡಿ ದಾಟುವುದು ಕಷ್ಟವಲ್ಲ. ಕಾನೂನಿಗೂ ಅಂತರಂಗಕ್ಕೂ ಏಕಕಾಲದಲ್ಲಿ ಸೇರಿದ ಪದದ ಪಾಡೇ ಬೇರೆ. ಇಂಗ್ಲಿಷಿನ 'ಸೂಯಿಸೈಡ್' ಪದದಲ್ಲಿ ಲ್ಯಾಟಿನ್ನಿನ ಕೊಲೆಯಿದೆ. ಅರಬ್ಬಿಯ 'ಇಂತಿಹಾರ್' ಕೊರಳು ಕೊಯ್ಯುವ ಧಾತುವಿನಿಂದ ಹುಟ್ಟಿದ್ದು. ಕನ್ನಡದ ಆತ್ಮಹತ್ಯೆಯಲ್ಲಿ ಹತ್ಯೆಯಿದೆ. ಮೂರರಲ್ಲಿ ಯಾವುದಕ್ಕೆ ತಿರುಗಿಸಿದರೂ ಸಲ್ಲೇಖನದ ಕೈಗೆ ಆಯುಧ ಬರುತ್ತದೆ. ಇಂಗ್ಲಿಷಿನಲ್ಲಿ ಬರೆದ ಅನೇಕರು ಅದನ್ನು ಧಾರ್ಮಿಕ 'ಸೂಯಿಸೈಡ್' ಎಂದೇ ಕರೆದರು.

ವಿದ್ವಾಂಸನ ಅನುವಾದ ತಪ್ಪಿದರೆ ಅಡಿಟಿಪ್ಪಣಿಯಲ್ಲಿ ತಿದ್ದಬಹುದು, ನ್ಯಾಯಾಲಯದ ಅನುವಾದ ಜನರನ್ನು ಕಟಕಟೆಗೆ ತರುತ್ತದೆ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು, ಅಲ್ಲಿ ಸಂಥಾರಾ ಎನಿಸಿಕೊಳ್ಳುವ ಇದೇ ವ್ರತವನ್ನು ಆತ್ಮಹತ್ಯೆಯೆಂದು ಪರಿಗಣಿಸಿ, ದಂಡಸಂಹಿತೆಯ 309 ಮತ್ತು 306ನೆಯ ಕಲಮುಗಳಿಗೆ ಒಳಪಡಿಸಲು ಆದೇಶಿಸಿತು. ಜೈನ ಸಮುದಾಯ ದೇಶದಾದ್ಯಂತ ಪ್ರತಿಭಟಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು.

ಪ್ರತಿವಾದವನ್ನು ನಾನು ಹಗುರವಾಗಿ ಕಾಣಲಾರೆ. ಮನೆಯವರ ಒತ್ತಾಯಕ್ಕೆ ಮಣಿದು ಅನ್ನ ಬಿಟ್ಟ ಮುದುಕಿಯೊಬ್ಬಳಿದ್ದರೆ ಅವಳನ್ನು ಕಾಯಬೇಕಾದದ್ದು ಕಾನೂನೇ. ಆದರೆ ಆ ಕಾಳಜಿಗೆ ಬೇಕಾದ ಭೇದವನ್ನು 'ಹತ್ಯೆ' ಎಂಬ ಒಂದೇ ಪದ ತೋರಿಸಲಾರದು.

ಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನವನ್ನೇ ನೋಡೋಣ. ಗಂಗ ದೊರೆ ಮಾರಸಿಂಹನು ಸುಮಾರು 974ರಲ್ಲಿ ಬಂಕಾಪುರದಲ್ಲಿ, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ, ಮೂರು ದಿನ ಸಲ್ಲೇಖನವ್ರತ ನಡೆಸಿ ದೇಹ ಬಿಟ್ಟನು. ಗುರುವಿನ ಹೆಸರು ಅಲ್ಲಿ ಗೌರವಕ್ಕಾಗಿ ಬಂದಿದೆ. ದಂಡಸಂಹಿತೆಯ ಕಣ್ಣಿನಿಂದ ಓದಿದರೆ ಅದೇ ಸಾಲು ಪ್ರಚೋದಕನ ಹೆಸರನ್ನು ಒಪ್ಪಿಸುವ ದಾಖಲೆ.

2024ರ ಜುಲೈ 1ರಂದು ಹಳೆಯ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಸಾಯಲೆತ್ನಿಸಿದವರನ್ನು ದಂಡಿಸುತ್ತಿದ್ದ 309ನೆಯ ಕಲಮು ಅದರಲ್ಲಿಲ್ಲ. ಪ್ರಚೋದನೆಯ ಕಲಮು ಉಳಿದಿದೆ, ಸಂಖ್ಯೆ ಮಾತ್ರ 108. ಆತ್ಮಹತ್ಯೆಯೆಂದರೇನೆಂದು ಹಳೆಯ ಸಂಹಿತೆಯೂ ವಿವರಿಸಿರಲಿಲ್ಲ, ಹೊಸದೂ ವಿವರಿಸುವುದಿಲ್ಲ.